ಅಯ್ಯೋ ಪಾಪ ಅನ್ನುವವರ ನಡುವೆ ನಲವತ್ತೆರಡು ಕಿಲೋಮೀಟರ್

ನನ್ನನ್ನು ಕಂಡು ಮರುಗಲು ಬಂದವರು ನನಗೆ ನಗು ತರಿಸಿ ಹೋಗುವುದು ಇವತ್ತಿಗೂ ನಿಂತಿಲ್ಲ. ಅವರ ತಪ್ಪೇನೂ ಇಲ್ಲ ಬಿಡಿ. ವಿಧವೆಯ ಎದುರು ಏನು ಮಾತಾಡಬೇಕೆಂದು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಎಲ್ಲರೂ ತಮಗೆ ತೋಚಿದ್ದನ್ನು ಆಡುತ್ತಾರೆ. ನಾನು ಗುಜರಾತಿನಲ್ಲಿ ಇದ್ದ ಆ ಮೊದಲ ವರ್ಷಗಳಲ್ಲಂತೂ ಇಂಥವು ವಾರಕ್ಕೊಂದಾದರೂ ಆಗುತ್ತಿದ್ದವು.

ಅಳದೆ ಬಂದ ಮನುಷ್ಯ

ಎಂಬತ್ತರ ದಶಕದ ಮಾತು. ನಾವು ಧಾರವಾಡದ ಕಡೆಯವರು. ನನ್ನ ಗಂಡನಿಗೆ ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ನೌಕರಿ. ಮಣಿನಗರದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ನಾನು, ಅವರು, ಅವರ ತಾಯಿ. ಮಕ್ಕಳಿಲ್ಲ. ಒಂದು ದಿನ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಕಚೇರಿಗೆ ಹೋದವರು ತಿರುಗಿ ಬರಲಿಲ್ಲ. ಹೃದಯಾಘಾತ ಅಂದರು. ಡಬ್ಬಿ ಮಾತ್ರ ಸಂಜೆ ಮನೆಗೆ ಬಂತು, ತೊಳೆದು ಕಳಿಸಿದ್ದರು.

ಅನುಕಂಪದ ಆಧಾರದ ಮೇಲೆ ನನಗೆ ಅದೇ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಕೊಟ್ಟರು. ಕೆಲಸದ ಜೊತೆಗೆ ಅನುಕಂಪವನ್ನೂ ದಿನಾಲೂ ಕೊಡುತ್ತಿದ್ದರು. ನಾನು ಒಳಗೆ ಬಂದರೆ ನಗುತ್ತಿದ್ದವರು ಸುಮ್ಮನಾಗುತ್ತಿದ್ದರು. ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟು, ಆಮೇಲೆ ಇಡೀ ದಿನ ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ನೋಡುತ್ತಿದ್ದರು.

ಅಂಥದರಲ್ಲಿ ಒಂದು ದಿನ ಕಚೇರಿಯ ಕ್ರೀಡಾ ಕಾರ್ಯದರ್ಶಿ ನನ್ನ ಮೇಜಿನ ಹತ್ತಿರ ಬಂದ. ಅವನ ಮುಖದಲ್ಲಿ ದುಃಖವೇ ಇರಲಿಲ್ಲ. ಅಷ್ಟು ದಿನಗಳಲ್ಲಿ ಹಾಗೆ ಬಂದ ಮೊದಲ ಮನುಷ್ಯ ಅವನು.

"ಬೆಹೆನ್, ಬರೋಡೆಯಲ್ಲಿ ಒಂದು ಓಟ ಇದೆ. ನಮ್ಮ ಹುಡುಗರು ಹೋಗಬೇಕು. ತಂಡದಲ್ಲಿ ಒಬ್ಬ ಹೆಂಗಸಾದರೂ ಇಲ್ಲದಿದ್ದರೆ ಸಾಹೇಬರು ಯಾರಿಗೂ ರಜೆ ಕೊಡುವುದಿಲ್ಲ. ನಿಮ್ಮ ಹೆಸರು ಬರೆದುಕೊಳ್ಳಲೇ?"

"ನಾನು ಶಾಲೆ ಬಿಟ್ಟ ಮೇಲೆ ಓಡಿಲ್ಲ."

"ಗೆಲ್ಲಬೇಕಾಗಿಲ್ಲ ಬೆಹೆನ್. ಮ್ಯಾರಥಾನ್ ಅಂದರೆ ನಿಧಾನವಾಗಿಯೇ ಓಡುವುದು."

"ಎಷ್ಟು ದೂರ?"

ಅವನು ತಲೆ ಕೆರೆದುಕೊಂಡ. "ಇಲ್ಲಿಂದ ನಡಿಯಾದ್ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು."

"ನಡಿಯಾದ್‌ಗೆ ಗಾಡಿ ಇದೆಯಲ್ಲ," ಅಂದೆ.

ಪಕ್ಕದ ಮೇಜಿನವನು ನಕ್ಕುಬಿಟ್ಟ. ತಕ್ಷಣ ನೆನಪಾಗಿ ಬಾಯಿ ಮುಚ್ಚಿಕೊಂಡು ನನ್ನ ಹತ್ತಿರ ಬಂದು ಕ್ಷಮೆ ಕೇಳಿದ. ಅವನು ಕ್ಷಮೆ ಕೇಳಿದ್ದಕ್ಕೇ ಸಿಟ್ಟು ಬಂದು ನಾನು ಹೆಸರು ಬರೆಸಿದೆ.

ಪ್ರಾಣ ಉಳಿಸಿದವರು

ಗಂಡನ ಕ್ಯಾನ್ವಾಸ್ ಬೂಟಿನ ತುದಿಗೆ ಹತ್ತಿ ತುರುಕಿ ಹಾಕಿಕೊಂಡೆ. ಪಕ್ಕದ ಮನೆಯ ಹುಡುಗಿಯ ಹಳೆಯ ಸಲ್ವಾರ್ ಕಮೀಜ್ ಸಿಕ್ಕಿತು. ಬೆಳಗಾಗುವ ಹೊತ್ತಿಗೆ ಕಾಂಕರಿಯಾ ಕೆರೆಯ ಸುತ್ತ ಓಡುವುದೆಂದು ಹೊರಟೆ. ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿದರು.

"ಓಡು. ಎಷ್ಟ್ ಓಡಿದರೂ ಸಂಜಿಗೆ ಅಕ್ಕಿ ಇಡಾಕಿ ನೀನ," ಅಂದರು. ಅವರು ಆಶೀರ್ವಾದ ಮಾಡುವ ರೀತಿಯೇ ಅದು.

ಕೆಲವು ವಾರ ಹೀಗೆ ನಡೆಯಿತು. ಮೊದಲು ಕಾಲು ಸುತ್ತು, ಆಮೇಲೆ ಅರ್ಧ, ಆಮೇಲೆ ಒಂದು. ಎದೆ ಉರಿಯುತ್ತಿತ್ತು, ಮೊಣಕಾಲು ನೋಯುತ್ತಿತ್ತು, ಆದರೆ ಓಡುವ ಹೆಂಗಸಿನ ಜೊತೆ ನಿಂತು ಮರುಗಲು ಯಾರಿಗೂ ಸಾಧ್ಯವಿಲ್ಲ. ದಿನದಲ್ಲಿ ಅಷ್ಟು ಹೊತ್ತಾದರೂ ನಾನು ಯಾರ ಬಾಯಲ್ಲೂ 'ಅಯ್ಯೋ ಪಾಪ' ಆಗಿರಲಿಲ್ಲ.

ಒಂದು ಬೆಳಿಗ್ಗೆ ಹಿಂದಿನಿಂದ ಯಾರೋ "ಅಕ್ಕಾ, ಅಕ್ಕಾ" ಅನ್ನುತ್ತ ಬೆನ್ನಟ್ಟಿ ಬಂದರು. ನೋಡಿದರೆ ಮಣಿನಗರ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಮಾಲೀಕರು. ನನ್ನ ಗಂಡ ಅವರ ಹೋಟೆಲಿಗೆ ದಿನಾ ಹೋಗುತ್ತಿದ್ದರು. ಮಾಲೀಕರದು ಭಾರೀ ಹೊಟ್ಟೆ. ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದುಕೊಂಡು, ಇನ್ನೊಂದು ಕೈ ಬೀಸುತ್ತ ಓಡಿ ಬರುತ್ತಿದ್ದರು. ಹೋಟೆಲಿಗೆ ಏನೋ ಬೆಂಕಿ ಬಿದ್ದಿರಬೇಕೆಂದು ನಾನು ನಿಂತೆ. ಅವರು ಬಂದು ನನ್ನ ತೋಳು ಹಿಡಿದು ಅಲ್ಲೇ ಕುಸಿದರು.

"ಬೇಡ ಅಕ್ಕ, ಬೇಡ. ಜೀವ ಕಳಕೊಳ್ಳುವ ಕೆಲಸ ಮಾಡ್ಬೇಡಿ ಮಾರಾಯ್ರೆ."

"ನಾನು ಓಡ್ತಾ ಇದೀನಿ ಅಷ್ಟೇ."

"ಓಡುದು ನನಗೂ ಕಂಡಿತು. ಕೆರೆ ಕಡೆಗೆ ಓಡುದು ಕಂಡಿತು."

ಅವರಿಗೆ ಉಸಿರೇ ಸಿಗುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ನಾನೇ ಹತ್ತಿರದ ಚಹಾ ಗಾಡಿಯಿಂದ ನೀರು ತಂದು ಕುಡಿಸಿ, ಬೆನ್ನು ಸವರಿ, ಆಟೋ ಹಿಡಿದು ಅವರನ್ನು ಹೋಟೆಲಿಗೆ ಮುಟ್ಟಿಸಿ ಬಂದೆ.

ಆ ಭಾನುವಾರ ಊರಿನ ಕನ್ನಡಿಗರೆಲ್ಲ ಸೇರುವ ಭಜನೆಗೆ ಹೋದರೆ, ಹೋಟೆಲಿನವರು ನನ್ನ ಪ್ರಾಣ ಉಳಿಸಿದ ಸುದ್ದಿ ನನಗಿಂತ ಮೊದಲೇ ಅಲ್ಲಿ ಬಂದು ಕೂತಿತ್ತು. ಅವರಿಗೆ ಹಾರ ಹಾಕಿದರು. ಹಾರ ಹಾಕಲು ನನ್ನನ್ನೇ ಕರೆದರು.

ಈಗ ಸರಿಯಾದಳು

ಓಟ ಸುಮಾರಾಗಿ ಕುದುರುತ್ತ ಬಂದಿತ್ತು. ಅಷ್ಟರಲ್ಲಿ ನನ್ನನ್ನು ಸೂರತ್ತಿಗೆ ವರ್ಗ ಮಾಡಿದರು. ನಾನೂ ಅತ್ತೆಯೂ ಗಂಟುಮೂಟೆ ಕಟ್ಟಿಕೊಂಡು ಹೋದೆವು. ಬೀದಿಯ ಒಂದು ಬದಿಗೆ ಪವರ್‌ಲೂಮಿನ ಸದ್ದು, ಮೇಲಿನ ಮಹಡಿಯಲ್ಲಿ ವಜ್ರ ಉಜ್ಜುವವರ ಚಕ್ರದ ಸದ್ದು. ನಡುವೆ ನಮ್ಮದು ಎರಡು ಕೋಣೆ.

ಸ್ವಲ್ಪ ದಿನಕ್ಕೆ ಆ ಕ್ರೀಡಾ ಕಾರ್ಯದರ್ಶಿ ಏನೋ ಕೆಲಸದ ಮೇಲೆ ಸೂರತ್ ಕಚೇರಿಗೆ ಬಂದ. ನಾನು ಹುರುಪಿನಿಂದ ಎದ್ದು ಹೋಗಿ, ಈಗ ಎಷ್ಟು ಓಡುತ್ತಿದ್ದೇನೆಂದು ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಸಂತೋಷ ಬೆಹೆನ್. ಆದರೆ ಇನ್ನು ನೀವು ತೊಂದರೆ ತೆಗೆದುಕೊಳ್ಳಬೇಡಿ. ಕಚೇರಿಗೆ ಹೊಸದಾಗಿ ಒಬ್ಬ ವಾಲಿಬಾಲ್ ಹುಡುಗಿ ಬಂದಿದ್ದಾಳೆ. ಅವಳ ಹೆಸರು ಹಾಕಿದ್ದೇನೆ."

"ಅವಳು ಅಷ್ಟು ದೂರ ಓಡುತ್ತಾಳಾ?"

"ಓಡುವುದಿಲ್ಲ. ಬರುತ್ತಾಳೆ. ಅಷ್ಟು ಸಾಕು."

ಅವತ್ತು ಮನೆಗೆ ಬಂದು ಬೂಟು ಬಿಚ್ಚಿಟ್ಟೆ. ಮರುದಿನ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಕಚೇರಿಗೆ ಹೋಗುವುದು, ಬರುವುದು, ಮಲಗುವುದು. ಬೂಟು ಹಾಕಿಕೊಂಡು ನೋಡೋಣ ಅನಿಸಿದರೂ ಕಾಲು ಏಳುತ್ತಿರಲಿಲ್ಲ. ಇಷ್ಟು ದಿನ ಯಾತಕ್ಕೆ ಓಡಿದೆ, ಯಾರಿಗಾಗಿ ಓಡಿದೆ ಎಂದು ಗೋಡೆ ನೋಡುತ್ತ ಕೂರುತ್ತಿದ್ದೆ. ಅತ್ತೆ ಆ ಬೂಟುಗಳನ್ನು ಒಲೆಯ ಕಟ್ಟೆಯ ಕೆಳಗೆ ತಳ್ಳಿ ಒಂದರಲ್ಲಿ ಉಳ್ಳಾಗಡ್ಡಿ, ಇನ್ನೊಂದರಲ್ಲಿ ಬೆಳ್ಳುಳ್ಳಿ ತುಂಬಿದರು.

ಒಂದು ದಿನ ಅಡಿಗೆ ಮಾಡುವಾಗ ಬೆಳ್ಳುಳ್ಳಿಗೆಂದು ಬೂಟಿನೊಳಗೆ ಕೈ ಹಾಕಿದೆ. ತುದಿಯಲ್ಲಿ ನಾನು ತುರುಕಿದ್ದ ಹತ್ತಿ ಕೈಗೆ ಬಂತು. ಅಲ್ಲೇ ಕೂತು ಅಳಲು ಶುರುಮಾಡಿದೆ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಆಗ ಬಂದವರಿಗೆ ಚಹಾ ಕೊಡುವುದರಲ್ಲಿ, ಅತ್ತೆಯನ್ನು ಹಿಡಿದುಕೊಳ್ಳುವುದರಲ್ಲಿ ಹೊತ್ತೇ ಸಿಕ್ಕಿರಲಿಲ್ಲ. ಈಗ ಎಲ್ಲ ಒಟ್ಟಿಗೆ ಬಂತು. ಮಗ್ಗದ ಸದ್ದನ್ನೂ ಮೀರುವ ಹಾಗೆ ಅತ್ತುಬಿಟ್ಟೆ.

ಅಕ್ಕಪಕ್ಕದ ಹೆಂಗಸರು ಓಡಿ ಬಂದರು. ನನ್ನ ಸುತ್ತ ಕೂತು ತಲೆ ಸವರಿದರು. ಇಷ್ಟು ದಿನ ಕಣ್ಣೀರು ಹಾಕದ ಈ ವಿಧವೆಯ ಬಗ್ಗೆ ಅವರಿಗೆಲ್ಲ ಏನೋ ಅನುಮಾನವಿತ್ತಂತೆ. ಹೋಗುವಾಗ ಒಬ್ಬಳು, ಅತ್ತೆಗೆ ಗುಜರಾತಿ ತಿಳಿಯದಿದ್ದರೂ, ಸಮಾಧಾನದಿಂದ ಹೇಳಿದಳು: "ಅಮ್ಮಾ, ಇನ್ನು ಚಿಂತೆ ಬೇಡ. ನಿಮ್ಮ ಸೊಸೆ ಈಗ ಸರಿಯಾದಳು."

ಓಡಿ ಹೋಗುವ ಚಟ

ನಾನು ಸೊರಗಿದ್ದೇನೆಂದು ಊರಿಗೆ ಸುದ್ದಿ ಹೋಯಿತು. ನನ್ನ ಅಣ್ಣ ಬಂದ. ಒಬ್ಬನೇ ಬರಲಿಲ್ಲ, ಬೆಳಗಾವಿ ಕಡೆಯ ಒಬ್ಬ ಮಾಸ್ತರರನ್ನು ಕರೆದುಕೊಂಡು ಬಂದ. ಐವತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದಳು. ವಿಧವಾ ವಿವಾಹಕ್ಕೆ ಒಪ್ಪಿದ ದೊಡ್ಡ ಮನಸ್ಸಿನವರು ಎಂದು ಅಣ್ಣ ಚಹಾ ಕುಡಿಯುವಷ್ಟರಲ್ಲಿ ನಾಲ್ಕು ಸಲ ಹೇಳಿದ.

ಮಾಸ್ತರರು ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡಿದರು.

"ನಮ್ಮ ಅವ್ವ ಹಾಸಿಗಿ ಹಿಡದು ಭಾಳ ದಿನ ಆತ್ರಿ. ಎತ್ತಿ ಕೂಡಸಬೇಕು, ಮಗ್ಗಲ ಬದಲಸಬೇಕು. ಇವರಿಂದ ಆಗತದ ಏನ್ರಿ?"

ಅಣ್ಣ ಉತ್ಸಾಹದಿಂದ ಅಂದ: "ಆಗದ ಏನ್ರಿ? ಭಾಳ ಗಟ್ಟಿ ಅದಾಳ. ಅಹಮದಾಬಾದಿನಾಗ ದಿನಾ ಮುಂಜಾನೆ ಎದ್ದು ಓಡತಿದ್ದಳು."

ಮಾಸ್ತರರ ಕೈಯ ಕಪ್ಪು ಬಾಯಿಯ ಹತ್ತಿರವೇ ನಿಂತಿತು. "ಓಡಿ ಹೋಗೋ ಚಟ ಅದ ಏನ್ರಿ ಇವರಿಗೆ?"

ಅಣ್ಣ ತಡವರಿಸಿದ. ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದ ಅತ್ತೆ ಉತ್ತರ ಕೊಟ್ಟರು.

"ಅದ ನೋಡ್ರಿ. ಭಾಳ ಕೆಟ್ಟ ಚಟ. ಬರೋಡಾದಾಗ ಓಡೋದದ, ಅದಕ್ಕ ಆಕಿಗೆ ಪುರಸೊತ್ತಿಲ್ಲ. ನೀವು ಇನ್ನೊಂದು ಕಡೆ ನೋಡ್ರಿ."

ಅವರು ಹೋದ ಮೇಲೆ ಅತ್ತೆ ಕಟ್ಟೆಯ ಕೆಳಗೆ ಬಗ್ಗಿ ಬೂಟು ಎಳೆದು, ಉಳ್ಳಾಗಡ್ಡಿ ನೆಲಕ್ಕೆ ಸುರಿದು, ನನ್ನ ಮುಂದೆ ಇಟ್ಟರು. "ನನ್ನ ಮ್ಯಾಲೆ ನಿಮಗ ಇಷ್ಟು ಭರೋಸೆ ಅದ ಅಂತ ನನಗ ಗೊತ್ತಿರಲಿಲ್ಲ" ಅಂದೆ.

"ಭರೋಸೆ ಗಿರೋಸೆ ನನಗ ಗೊತ್ತಿಲ್ಲ," ಅಂದರು ಅತ್ತೆ. "ನೀ ಲಗ್ನ ಆಗಿ ಹೋದರ ನನಗ ಅನ್ನ ಹಾಕೋರು ಯಾರು? ಓಡೋದಾದರ ಓಡು. ಓಡಿದಾಕಿ ಸಂಜಿಗೆ ತಿರುಗಿ ಬರತಾಳ."

ಮರುದಿನ ಬೆಳಿಗ್ಗೆ ತಾಪಿ ನದಿಯ ದಂಡೆಯಲ್ಲಿ ಮತ್ತೆ ಓಡಿದೆ. ಓಟದ ದಿನದವರೆಗೂ ದೂರ ಹೆಚ್ಚಿಸುತ್ತಲೇ ಹೋದೆ. ನನ್ನ ಹುರುಪು ತಿರುಗಿ ಬಂದದ್ದು ಹೀಗೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇದ್ದರೆ ನಾನೂ ಸಂತೋಷದಿಂದ ಹೇಳುತ್ತಿದ್ದೆ. ಬೂಟಿನ ವಾಸನೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಬೀದಿ ನಾಯಿಗಳು ಬೆನ್ನಟ್ಟಿ ಬಂದು, ಮೂಸಿ, ತಾವಾಗಿ ಹಿಂದೆ ಸರಿಯುತ್ತಿದ್ದವು.

ಹಿಂದೆ ಹಾಕಿದ್ದು

ಬರೋಡೆಯ ಓಟಕ್ಕೆ ಕಚೇರಿಯ ಹಂಗಿಲ್ಲದೆ ಯಾರು ಬೇಕಾದರೂ ಹೆಸರು ಕೊಡಬಹುದು ಎಂದು ಗೊತ್ತಾಯಿತು. ನನ್ನದೇ ರಜೆ ಹಾಕಿ, ಅತ್ತೆಯನ್ನೂ ಕರೆದುಕೊಂಡು ಹೋದೆ. ಅವರನ್ನು ಮೈದಾನದಲ್ಲಿ ಕೂರಿಸಿ ಓಟಕ್ಕೆ ನಿಂತೆ. ವಾಲಿಬಾಲ್ ಹುಡುಗಿ ಕಡಲೇಕಾಯಿ ತಿನ್ನುತ್ತ ಕೂತಿದ್ದಳು, ನನಗೂ ಸ್ವಲ್ಪ ಕೊಟ್ಟಳು.

ಊರು ದಾಟುವಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು. ಅರ್ಧ ದಾರಿ ಮುಗಿದ ಮೇಲೆ ರಸ್ತೆಯಲ್ಲಿ ನಾನೊಬ್ಬಳೇ. ಹಾಗೆ ಓಡುತ್ತಿರುವಾಗ ಅಡ್ಡರಸ್ತೆಯಿಂದ ಒಂದು ಶವಯಾತ್ರೆ ಬಂದು ನನ್ನ ಮುಂದೆ ಸೇರಿಕೊಂಡಿತು. ರಾಮನಾಮ ಹೇಳುತ್ತ ಗಂಡಸರು ಬೇಗ ಬೇಗ ನಡೆಯುತ್ತಿದ್ದರು. ಕೂದಲು ಕೆದರಿಕೊಂಡು, ಮುಖವೆಲ್ಲ ನೀರಿಳಿಯುತ್ತ, ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದ ನನ್ನನ್ನು ಕಂಡು ಒಬ್ಬ ಹಿರಿಯರು ಹಿಂದಕ್ಕೆ ಬಂದರು. ಅವರ ಕಣ್ಣಲ್ಲಿ ನೀರಿತ್ತು.

"ಮಗಳೇ, ಹೆಂಗಸರು ಮಸಣಕ್ಕೆ ಬರಬಾರದು. ಮನಸ್ಸು ಗಟ್ಟಿ ಮಾಡಿಕೊಂಡು ಮನೆಗೆ ಹೋಗು."

ನನ್ನ ಗಂಡನನ್ನು ಮಸಣಕ್ಕೆ ಒಯ್ದ ದಿನವೂ ಇದೇ ಮಾತು ಹೇಳಿದ್ದರು. ಅವತ್ತು ನಾನು ಮೆಟ್ಟಿಲ ಹತ್ತಿರ ನಿಂತುಬಿಟ್ಟಿದ್ದೆ. ಇವತ್ತು ನಿಲ್ಲುವ ಹಾಗಿರಲಿಲ್ಲ. ನಿಂತರೆ ಮತ್ತೆ ಓಡಲು ಆಗುವುದಿಲ್ಲವೆಂದು ಗೊತ್ತಿತ್ತು. ಕೈ ಮುಗಿದು, ರಸ್ತೆಯ ಅಂಚಿಗೆ ಸರಿದು, ಚಟ್ಟವನ್ನು ದಾಟಿ ಮುಂದೆ ಓಡಿದೆ.

ಅವತ್ತಿನ ಓಟದಲ್ಲಿ ನಾನು ಹಿಂದೆ ಹಾಕಿದ್ದು ಆ ಪುಣ್ಯಾತ್ಮನೊಬ್ಬನನ್ನೇ.

ಕೊನೆಯ ಕುರ್ಚಿ

ಮೈದಾನ ಮುಟ್ಟುವ ಹೊತ್ತಿಗೆ ಬಹುಮಾನ ಹಂಚಿ, ಭಾಷಣ ಮುಗಿಸಿ, ಎಲ್ಲರೂ ಹೋಗಿದ್ದರು. ಶಾಮಿಯಾನ ಇಳಿಸಿದ್ದರು. ಬಾಡಿಗೆಗೆ ತಂದ ಕುರ್ಚಿಗಳನ್ನು ಒಬ್ಬ ಕೈಗಾಡಿಗೆ ಪೇರಿಸುತ್ತಿದ್ದ. ಉಳಿದದ್ದು ಒಂದೇ ಕುರ್ಚಿ. ಅದರ ಮೇಲೆ ವ್ಯವಸ್ಥಾಪಕರಲ್ಲಿ ಒಬ್ಬರು ಕೂತಿದ್ದರು, ದಪ್ಪ ಆಸಾಮಿ. ಗಾಡಿಯವನು ಅದಕ್ಕಾಗಿಯೇ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ನೆಲದ ಮೇಲೆ ಚೀಲ ಹಿಡಿದು ಕೂತಿದ್ದ ನಮ್ಮ ಅತ್ತೆ, ನನ್ನನ್ನು ಕಂಡು, "ಇಷ್ಟು ಹೊತ್ತು?" ಅಂದರು.

ನಾನು ಗೆರೆ ಇದ್ದ ಜಾಗವನ್ನು ಅಂದಾಜಿನಿಂದ ದಾಟಿ ನಿಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಓಡಿ ಮುಗಿಸಿದ್ದೆ.

ಕುರ್ಚಿಯಲ್ಲಿದ್ದ ಆ ಸಾಹೇಬರಿಗೆ ಮಾತ್ರ ನನ್ನನ್ನು ಕಂಡು ಖುಷಿಯಾಯಿತು. "ಶಾಭಾಷ್ ಬೆಹೆನ್. ನಿಮ್ಮ ಯಜಮಾನರು ಎಲ್ಲಿ? ಅವರಿಗೆ ಎಷ್ಟು ಹೆಮ್ಮೆಯಾಗಿರಬೇಕು."

"ಅವರು ತೀರಿಕೊಂಡಿದ್ದಾರೆ."

ಶುರುವಾಯಿತು. ಅವರ ಧ್ವನಿ ಇಳಿಯಿತು, ತಲೆ ಓರೆಯಾಯಿತು. "ಅರೆರೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ. ಏನಾಗಿತ್ತು?"

"ಹೃದಯಾಘಾತ."

"ನೋಡಿ, ಅದಕ್ಕೇ ಹೇಳುವುದು, ಈ ಓಟಗೀಟ ಎಲ್ಲ ಎದೆಗೆ ಒಳ್ಳೆಯದಲ್ಲ. ಪಾಪ, ಓಡುವಾಗಲೇ ಹೋದರೇ?"

"ಇಲ್ಲ ಸಾಹೇಬರೇ. ಅವರು ಒಂದು ದಿನವೂ ಓಡಿದವರಲ್ಲ. ಕುರ್ಚಿಯಲ್ಲಿ ಕೂತಿದ್ದರು. ಕೂತಲ್ಲೇ ಹೋದರು."

ಸಾಹೇಬರು ಎದ್ದು ನಿಂತರು. ಗಾಡಿಯವನು ಆ ಕ್ಷಣಕ್ಕೇ ಕಾದಿದ್ದವನಂತೆ ಕುರ್ಚಿ ಎತ್ತಿ ಗಾಡಿಗೆ ಹಾಕಿ, ಹಗ್ಗ ಬಿಗಿದು ಹೊರಟೇಬಿಟ್ಟ. ಸಾಹೇಬರು ಒಂದು ಸಲ ಗಾಡಿಯನ್ನು, ಒಂದು ಸಲ ನನ್ನನ್ನು ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡು ಗೇಟಿನ ಕಡೆ ನಡೆದರು. ನಡಿಗೆ ಸಾಕಷ್ಟು ಚುರುಕಾಗಿಯೇ ಇತ್ತು.

ಅತ್ತೆಗೆ ಹಿಂದಿಯೂ ಬರದು, ಗುಜರಾತಿಯೂ ಬರದು. "ಏನಂದಿ ಅವಂಗ? ಚೇಳು ಕಡಿದವನ ಹಂಗ ಎದ್ದನಲ್ಲ," ಎಂದು ಕೇಳಿದರು.

ಹೇಳಲೋ ಬೇಡವೋ ಎಂದು ಹಿಂಜರಿದೆ. ಅವರ ಮಗನ ಸಾವಿನ ಮಾತು ಅದು. ಆದರೂ ಆಡಿದ್ದನ್ನು ಆಡಿದ ಹಾಗೆಯೇ ಹೇಳಿದೆ. ಅತ್ತೆ ಚೀಲದ ಹಿಡಿಕೆಯನ್ನು ತಿರುವುತ್ತ ಕೂತರು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಆಮೇಲೆ ಅವರು ನನ್ನ ಕೈ ಹಿಡಿದು ಮೇಲೆದ್ದು, ಸೀರೆಯ ಮಣ್ಣು ಕೊಡವಿಕೊಂಡು ಅಂದರು:

"ಇಷ್ಟು ಛಲೋ ಮಾತು, ಅವ ಇದ್ದಾಗ ಒಂದು ಸರತೆ ಅವಂಗ ಹೇಳಬೇಕಿಲ್ಲೇನ ಹುಚ್ಚಿ? ಅವನೂ ಎದ್ದು ನಿಲ್ಲತಿದ್ದ."