ಗಡಿಯಾರದ ಕಾಕಾನ ರೊಟ್ಟಿ ತಪ್ಪಿಸಿದ ಕಾದಂಬರಿ

ಪತ್ತೇದಾರಿ ಕಾದಂಬರಿ ಓದುವುದರಲ್ಲಿ ಇಡೀ ಸಿಂದಗಿ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಎಪ್ಪತ್ತರ ದಶಕದ ಆ ಒಂದು ಬೇಸಿಗೆಯವರೆಗೂ ನಾನು ನಂಬಿದ್ದೆ. ಈ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾಗಿ, ಮೂರನೇ ಸಲಕ್ಕೆ ಓದುತ್ತಿದ್ದಾನೆಂದು ಮನೆಯವರು ತಿಳಿದಿದ್ದ ಕಾಲದಲ್ಲಿ ಸ್ವಂತ ಪರಿಶ್ರಮದಿಂದ ಸಂಪಾದಿಸಿದ್ದು. ಹತ್ತನೇ ಪುಟಕ್ಕೆ ಕೊಲೆಗಾರನನ್ನು ಹಿಡಿಯುತ್ತಿದ್ದೆ. ಇಪ್ಪತ್ತನೇ ಪುಟಕ್ಕೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯುತ್ತಿದ್ದೆ. ಆ ಮಾತು ಬೇರೆ.

ಆ ಬೇಸಿಗೆ ವಾಚನಾಲಯದಿಂದ ತಂದ ಕಾದಂಬರಿಗೆ ಹೆಸರಿನ ಪುಟವೇ ಇರಲಿಲ್ಲ. ಒಂದು ಸಣ್ಣ ಊರು. ಅಲ್ಲೊಬ್ಬ ಧಣಿಯ ಕೊಲೆಯಾಗುತ್ತದೆ. ಆಮೇಲೆ ಎಪ್ಪತ್ತು ಪುಟ ಏನೂ ಆಗುವುದಿಲ್ಲ. ಯಾರೋ ಕಿಟಕಿ ತೆರೆಯುತ್ತಾರೆ, ಯಾರೋ ಮುಚ್ಚುತ್ತಾರೆ, ಚಹಾ ಆರಿ ಹೋಗುತ್ತದೆ. ಆದರೆ ಆ ಆರಿದ ಚಹಾ ನೋಡಿಯೇ ನಮ್ಮ ಎದೆ ಡವಡವ ಎನ್ನುತ್ತದೆ. ಅಂಥ ಪುಸ್ತಕ!

ನಮ್ಮ ಅಂಗಳದಲ್ಲಿ ಶಾವಿಗೆ ಹೊಸೆಯುವ ಕೆಲಸ ನಡೆದಿತ್ತು. ಅವ್ವ, ಎದುರು ಮನೆಯ ಶಾಂತವ್ವ, ಮೂಲೆ ಮನೆಯ ಮುದುಕಿ ಗಂಗವ್ವಾಯಿ, ಓಣಿಯ ಇನ್ನೂ ಇಬ್ಬರು ಮೂವರು ಹೆಂಗಸರು. ಕಟ್ಟೆಯ ಮೇಲೆ ಕೂತು ಓದುತ್ತಿದ್ದ ನನ್ನನ್ನು ನೋಡಿ ಅವ್ವ, ಹೆಂಗೂ ಖಾಲಿ ಕೂತಿದ್ದೀಯಲ್ಲ, ಅದನ್ನೇ ಜೋರಾಗಿ ಓದು ಎಂದಳು.

ನಮ್ಮ ಕಡೆ ಪುರಾಣ ಹೇಳುವವರು ಪದ್ಯ ಓದಿ ಸುಮ್ಮನಾಗುವುದಿಲ್ಲ. ಊರಿನ ಉದಾಹರಣೆ ಕೊಟ್ಟು ಬಿಡಿಸಿ ಹೇಳುತ್ತಾರೆ. ರಾಜನ ಸಿಟ್ಟು ಅಂದರೆ ನಮ್ಮ ಗೌಡರ ಸಿಟ್ಟು ಇದ್ದಂಗ, ಎಂದು. ಹೇಳದಿದ್ದರೆ ಕೇಳುವವರು ಎದ್ದು ಹೋಗುತ್ತಾರೆ. ನಾನೂ ಆ ಸನಾತನ ಪದ್ಧತಿಯನ್ನೇ ಹಿಡಿದೆ. ಕಾದಂಬರಿಯ ಹೊಳೆಯನ್ನು ನಮ್ಮೂರ ಕೆರೆ ಮಾಡಿದೆ. ಧಣಿಯ ಬಂಗಲೆಯನ್ನು ಬಜಾರದ ಮೂಲೆಯ ಮಾಳಿಗೆ ಮನೆ ಮಾಡಿದೆ. ಅಷ್ಟರಲ್ಲಿ ಕಥೆಯೊಳಗೆ ಒಬ್ಬ ಗಡಿಯಾರ ರಿಪೇರಿಯವನು ಬಂದ. ಲೇಖಕರು ಅವನ ಬಗ್ಗೆ ಬರೆದದ್ದು ಒಂದೇ ಸಾಲು: ಅವನು ಹೆಚ್ಚು ಮಾತಾಡುತ್ತಿರಲಿಲ್ಲ.

ಉದಾಹರಣೆ ಕಣ್ಣೆದುರಿಗೇ ಕೂತಿತ್ತು. ಓಣಿಯ ಆಚೆ ಬೇವಿನ ಗಿಡದ ಕೆಳಗೆ ಗುರುಸಿದ್ದ ಕಾಕಾನ ಗಾಜಿನ ಪೆಟ್ಟಿಗೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಂಜಾನೆಯಿಂದ ಸಂಜೆತನಕ ಗಡಿಯಾರದ ಹೊಟ್ಟೆ ನೋಡುತ್ತ ಕೂರುವ ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡಾಗಿನಿಂದ ಅವನ ಮಧ್ಯಾಹ್ನದ ರೊಟ್ಟಿ ಓಣಿಯ ಮನೆಗಳಿಂದ ಸರದಿಯಂತೆ ಹೋಗುತ್ತಿತ್ತು.

"ಅಂದ್ರ ನಮ್ಮ ಗುರುಸಿದ್ದ ಕಾಕಾ ಇದ್ದಂಗ" ಎಂದೆ.

ಶಾವಿಗೆಯ ಮೇಲಿನ ಅಷ್ಟೂ ಕೈ ಒಮ್ಮೆಲೇ ನಿಂತವು. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಅಷ್ಟು ಜನ ಬಾಯಿ ತೆರೆದು ಕೂತಿದ್ದರು. ನನಗೆ ತಲೆ ನಿಲ್ಲಲಿಲ್ಲ. ಕೊಲೆಗಾರ ಅವನೇ, ಬೇಕಾದರೆ ಬರೆದುಕೊಡುತ್ತೇನೆ ಎಂದು ಘೋಷಿಸಿಬಿಟ್ಟೆ. ಅಲ್ಲಿಂದ ಮುಂದೆ ಆ ಪಾತ್ರಕ್ಕೆ ಭೂತಗನ್ನಡಿ ಹಾಕಿದೆ, ಬಿಳಿ ಟೋಪಿ ಹಾಕಿದೆ, ಕಾಕಾನ ಒಣ ಕೆಮ್ಮನ್ನೂ ಕೆಮ್ಮಿಸಿದೆ. ಪುಸ್ತಕದಲ್ಲಿ ಒಂದೂ ಇರಲಿಲ್ಲ. ಎಲ್ಲ ನನ್ನ ಸ್ವಂತ ಕೊಡುಗೆ.

ಎರಡನೇ ದಿನ ಶಾಂತವ್ವ ಕಾಕಾನಿಗೆ ರಿಪೇರಿಗೆ ಕೊಟ್ಟಿದ್ದ ಅಲಾರಂ ಗಡಿಯಾರವನ್ನು ಬಿಚ್ಚಿದ ಸ್ಥಿತಿಯಲ್ಲೇ ಉಡಿಯಲ್ಲಿ ತುಂಬಿಕೊಂಡು ಬಂದಳು. ಮುಳ್ಳು, ಚಕ್ರ, ಸ್ಪ್ರಿಂಗು ಎಲ್ಲ ಬೇರೆ ಬೇರೆ. ಮೂರನೇ ದಿನ ಕಾಕಾ ಸುಮ್ಮನೆ ಕೈಗಡಿಯಾರ ನೋಡಿಕೊಂಡ. ಗಂಗವ್ವಾಯಿ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದಳು: "ಯಾರ ಟೈಮ್ ನೋಡಾಕತ್ತಾನ ಯವ್ವಾ ಅಂವ?"

ನಾನು ನಕ್ಕೆ. ನಾಲ್ಕನೇ ದಿನ ನಗು ನಿಂತಿತು. ಅಂದು ರೊಟ್ಟಿಯ ಸರದಿ ನಮ್ಮ ಮನೆಯದು. ಅವ್ವ ರೊಟ್ಟಿ ಕಟ್ಟಿ ಮುಂದಿಟ್ಟುಕೊಂಡು ಕೂತೇ ಇದ್ದಳು.

"ಅವ್ವಾ, ಅದು ಕಥಿ ಬೇ."

"ಕಥಿನ ಖರೆ. ಆದ್ರ ಅವನ ಅಂತ ಹೇಳಿದಾಂವ ನೀನ ಅಲ್ಲೇನು? ಯಾಕೋ ಕೈ ಮುಂದ ಬರವಲ್ದು."

ಕೇಳಿದರೆ, ಹಿಂದಿನ ಎರಡು ದಿನದ ಸರದಿಯ ಮನೆಗಳಲ್ಲೂ ಕೈ ಮುಂದೆ ಬಂದಿರಲಿಲ್ಲ. ಗಿಡದ ಕಡೆ ನೋಡಿದೆ. ಕಾಕಾ ಕಾಗದದ ಪೊಟ್ಟಣ ಬಿಚ್ಚಿಕೊಂಡು ಚುರುಮುರಿ ತಿನ್ನುತ್ತಿದ್ದ. ಒಂದೊಂದೇ ಕಾಳು, ಗಡಿಯಾರದ ಸ್ಕ್ರೂ ಎತ್ತಿದಂತೆ. ರೊಟ್ಟಿಯನ್ನು ನಾನೇ ಒಯ್ದುಕೊಟ್ಟೆ. ಆದರೆ ನಾಳೆ?

ಕಥೆಯಲ್ಲೇ ಅವನು ನಿರಪರಾಧಿ ಎಂದಾದರೆ ಸರಿಹೋಗುತ್ತದೆ ಎಂದು ಪುಸ್ತಕದ ಕೊನೆಗೆ ಹಾರಿದೆ. ಇನ್ಸ್‌ಪೆಕ್ಟರು ಎದ್ದು ನಿಂತು, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎಂದಿದ್ದರು. ಮುಂದೆ ರಟ್ಟು! ಕೊನೆಯ ಪುಟಗಳನ್ನು ಯಾರೋ ಪುಣ್ಯಾತ್ಮರು ಹರಿದಿದ್ದರು.

ಮರುದಿನ ಹೆಂಗಸರು ಶಾವಿಗೆ ಬಿಟ್ಟು ನನ್ನ ಸುತ್ತ ಕೂತರು. ನಾನು ಗಂಭೀರವಾಗಿ ರಟ್ಟನ್ನೇ ಓದತೊಡಗಿದೆ. ಗಡಿಯಾರದವನು ನಿರಪರಾಧಿ ಎಂದು ಓದಿದೆ. ಹಂಗಾದರೆ ಯಾರು ಎಂದರು. ಕಂಪೌಂಡರ್ ಎನ್ನಲು ಬಾಯಿ ತೆರೆದೆ. ಶಾಂತವ್ವನ ತಮ್ಮ ಇಂಡಿಯಲ್ಲಿ ಕಂಪೌಂಡರ್. ಮಾಸ್ತರ ಎನ್ನೋಣವೆಂದರೆ ಗಂಗವ್ವಾಯಿಯ ಅಳಿಯ ದೇವಣಗಾಂವದಲ್ಲಿ ಮಾಸ್ತರ. ಬಸ್ ಕಂಡಕ್ಟರ್? ಮುದ್ದೇಬಿಹಾಳದ ನನ್ನ ಸ್ವಂತ ಸೋದರಮಾವ! ಇನ್ನೊಬ್ಬನ ರೊಟ್ಟಿ ತಪ್ಪಿಸುವ ಧೈರ್ಯ ನನಗೆ ಉಳಿದಿರಲಿಲ್ಲ. ಕೊಲೆ ಹೊರಿಸಲು ಆ ಅಂಗಳದಲ್ಲಿ ಯಾರಿಗೂ ನೋವಾಗದಂಥ ಒಬ್ಬನೇ ಒಬ್ಬ ಉಳಿದಿದ್ದ.

"ಕೊಲೆಗಾರ ಅದೇ ಓಣಿಯ ಒಬ್ಬ ಹುಡುಗ" ಎಂದು ರಟ್ಟನ್ನು ಓದಿದೆ. "ಇಪ್ಪತ್ತು ವರ್ಷ. ಕೆಲಸವಿಲ್ಲ. ಎರಡು ಸಲ ನಪಾಸು. ಹಗಲೆಲ್ಲ ಕಟ್ಟೆಯ ಮೇಲೆ ಕಥೆ ಪುಸ್ತಕ ಓದುತ್ತಿದ್ದ."

ಎಲ್ಲರೂ ನಿಟ್ಟುಸಿರು ಬಿಟ್ಟರು. ಗಂಗವ್ವಾಯಿ, "ನನಗ ಮೊದಲನೇ ದಿನಾನ ಸಂಶೆ ಇತ್ತ ನೋಡ" ಎಂದಳು. ಉದಾಹರಣೆ ಯಾರೂ ಕೇಳಲಿಲ್ಲ.

ಅಂದು ಮಧ್ಯಾಹ್ನ ಕಾಕಾನಿಗೆ ಐದು ಮನೆಗಳಿಂದ ರೊಟ್ಟಿ ಹೋಯಿತು, ಮೇಲೆ ಹೊಸ ಶಾವಿಗೆಯ ಪಾಯಸ. ಸಂಜೆ ನಾನು ಶಾಂತವ್ವನ ಗಡಿಯಾರದ ಅವಶೇಷಗಳನ್ನು ಒಯ್ದೆ.

"ಕಾಕಾ, ಇದನ್ನ ಜೋಡಿಸಿ ಕೊಡ್ರಿ."

ಕಾಕಾ ಭೂತಗನ್ನಡಿ ತೆಗೆದ. ಪೆಟ್ಟಿಗೆಯ ತಳದಿಂದ ಮಡಿಸಿದ ಹಾಳೆಗಳನ್ನು ತೆಗೆದು ನನ್ನ ಕೈಗಿಟ್ಟ. ಅದೇ ಅಕ್ಷರ, ಅದೇ ಇನ್ಸ್‌ಪೆಕ್ಟರು. ನಿಂತಲ್ಲೇ ಓದಿದೆ. ಕೊಲೆಗಾರ ಗಡಿಯಾರ ರಿಪೇರಿಯವನೇ!

"ಹ್ವಾದ ವರ್ಷ ಓದೀನ್ಯೋ ತಮ್ಮಾ. ಈ ಓಣ್ಯಾಗ ಗಡಿಯಾರದಾಂವ ಅಂದ್ರ ನಾನೊಬ್ನ. ಮಂದಿ ಓದಿದ್ರ ನನಗ ರೊಟ್ಟಿ ಯಾರು ಕೊಡ್ತಾರ ಅಂತ ಹರಕೊಂಡ್ ಬಂದೆ. ನೀ ಓದೂದೆಲ್ಲ ಇಲ್ಲಿತನಕಾ ಕೇಳತಿತ್ತು. ನೀ ಹಾಳಿ ಇಲ್ಲದ ಹಿಡದ್ಯಲ್ಲೋ!"

ಜೀವಮಾನದಲ್ಲಿ ಒಂದೇ ಒಂದು ಸಲ ಕೊಲೆಗಾರನನ್ನು ಸರಿಯಾಗಿ ಹಿಡಿದಿದ್ದೆ. ಯಾರಿಗೂ ಹೇಳುವಂತಿರಲಿಲ್ಲ. ಹಾಳೆಗಳನ್ನು ಮಡಿಸಿ ಕಾಕಾನ ಪೆಟ್ಟಿಗೆಯ ತಳಕ್ಕೇ ವಾಪಸು ಇಟ್ಟೆ. ಕಾಕಾ ಅರ್ಧ ಬಟ್ಟಲು ಪಾಯಸ ನನ್ನ ಕಡೆ ಸರಿಸಿದ.

ಮುಂದಿನ ವಾರ ಶಾಂತವ್ವನ ಹಿತ್ತಾಳೆ ಚರಿಗೆ ಕಾಣೆಯಾಯಿತು. ಓಣಿಯವರು ಎಲ್ಲೂ ಹುಡುಕಲಿಲ್ಲ. ನೇರವಾಗಿ ನಮ್ಮ ಮನೆಗೆ ಬಂದರು.