ತುಂಡೊಲೆಯ ಹಠ

ತಿಪಟೂರಿನಲ್ಲಿ ಕಬ್ಬಿಣದ ಕೆಲಸ ಮಾಡುವವನು ನಗೆಪಾಟಲಾಗಲು ಹೆಚ್ಚೇನೂ ಬೇಡ, ಹೊಸದೊಂದು ವಸ್ತು ಮಾಡಿ ಅಂಗಡಿ ಮುಂದೆ ಇಟ್ಟರೆ ಸಾಕು. ನನಗಂತೂ ವಾರಕ್ಕೊಂದು ಪ್ರಸಂಗ ತಪ್ಪುತ್ತಿರಲಿಲ್ಲ. ನಕ್ಕವರ ಹೆಸರು ಹೇಳುವುದಿಲ್ಲ. ಅವರಲ್ಲಿ ಅರ್ಧ ಜನ ಆಮೇಲೆ ನನ್ನ ಗಿರಾಕಿಗಳೇ ಆದರು.

ಎಪ್ಪತ್ತರ ದಶಕದ ಕೊನೆಯ ಮಾತು. ಕೊಬ್ಬರಿ ಮಾರುಕಟ್ಟೆಯ ಹತ್ತಿರ ನನ್ನ ಮಾವನದೊಂದು ವರ್ಕ್‌ಶಾಪು. ಡಿಪ್ಲೊಮಾ ಮುಗಿಸಿ, ಅವರ ಮಗಳನ್ನು ಮದುವೆಯಾಗಿ, ನಾನೂ ಅಲ್ಲೇ ಸೇರಿಕೊಂಡಿದ್ದೆ. ಮಳೆ ಹಿಡಿದರೆ ಕೊಬ್ಬರಿಗೆ ಬೂಷ್ಟು, ಬರೀ ಬೆಂಕಿ ಹಾಕಿದರೆ ಹೊಗೆ ವಾಸನೆ. ಅದಕ್ಕೆ ಮಾವ ಒಂದು ಬಿಸಿಗಾಳಿ ಒಲೆ ಮಾಡುತ್ತಿದ್ದರು. ಮಟ್ಟೆ ಕರಟ ಉರಿಸಿದ ಹೊಗೆ ಕೊಳವೆಗಳ ಒಳಗೇ ಸಾಗಿ ಆಚೆ ಹೋಗುತ್ತದೆ, ಕೊಳವೆಗಳ ಸುತ್ತ ಹಾಯುವ ಗಾಳಿ ಬಿಸಿಯಾಗಿ ಕೊಬ್ಬರಿಗೆ ತಾಗುತ್ತದೆ. ಪುಸ್ತಕದಲ್ಲಿ ಇದನ್ನು ಹೀಟ್ ಎಕ್ಸ್‌ಚೇಂಜರ್ ಅಂತಾರೆ.

ಮಾವನದು ದಪ್ಪ ತಗಡಿನ ಒಂದೇ ಗುಡಾಣ. ಗೋದಾಮಿಗೆ ಇಳಿಸಲು ಎಂಟು ಆಳು ಬೇಕು, ಬಾಗಿಲ ಪಕ್ಕದ ಗೋಡೆ ಒಡೆಯಬೇಕು. ಒಂದು ಕೊಳವೆ ತೂತಾದರೆ ಮತ್ತೆ ಎಂಟು ಆಳು, ಮತ್ತೆ ಗೋಡೆ. ನಾನು ಅದನ್ನೇ ತೆಳು ತಗಡಿನಲ್ಲಿ ತುಂಡು ತುಂಡಾಗಿ ಮಾಡಿದೆ. ಒಂದೊಂದು ತುಂಡು ಒಂದು ಟ್ರಂಕಿನಷ್ಟು. ಕೈಯಲ್ಲೇ ತಿರುಗಿಸುವ ನಟ್ಟು. ಒಲೆಯ ಮೇಲೆ ಒಂದು ತುಂಡು ಕೂರಿಸಿದರೂ ನಡೆಯುತ್ತದೆ, ನಾಲ್ಕು ಕೂರಿಸಿದರೂ ನಡೆಯುತ್ತದೆ. ಕೆಟ್ಟದ್ದನ್ನು ಬಿಚ್ಚಿ ಬೇರೆ ಹಾಕಿದರೆ ಮುಗಿಯಿತು.

ಮಾವ ಗೇಲಿಗೆ ಅದಕ್ಕೆ ‘ತುಂಡೊಲೆ’ ಅಂತ ಹೆಸರಿಟ್ಟು ಊರೆಲ್ಲ ಸಾರಿದರು. ದೀಪಾವಳಿಯೊಳಗೆ ಒಂದಾದರೂ ಮಾರಿ ಹೋಗದಿದ್ದರೆ ನಾನು ಕಿಟಕಿ ಗ್ರಿಲ್ಲು ಮಾಡಿಕೊಂಡು ತೆಪ್ಪಗಿರಬೇಕು, ಇದು ಅವರ ಕರಾರು. ಆಗಲಿ ಅಂದೆ. ಗ್ರಿಲ್ಲು ಮಾಡೋಕಾ ನಾನು ಹುಟ್ಟಿದ್ದು?

ಕಿವಿಗಿಟ್ಟು ನೋಡಿದ್ದು

ಮೊದಲು ನೋಡಲು ಬಂದವರು ಕೊಬ್ಬರಿ ಸಾಹುಕಾರರು. ದೊಡ್ಡ ಕುಳ. ಅವರು ಒಪ್ಪಿದರೆ ಮಾರುಕಟ್ಟೆ ಒಪ್ಪಿದ ಹಾಗೆ. ಅವರ ಹಿಂದೆ ಕೊಡೆ ಹಿಡಿಯಲು ಒಬ್ಬ ಆಳು, ಎಲೆಯಡಿಕೆ ಚೀಲಕ್ಕೆ ಇನ್ನೊಬ್ಬ.

ನಾನು ಗಾಳಿ ಎಲ್ಲಿ ಹೋಗುತ್ತೆ, ಹೊಗೆ ಎಲ್ಲಿ ಹೋಗುತ್ತೆ ಅಂತ ಗಂಟಲು ಹರಿದುಕೊಂಡು ವಿವರಿಸಿದೆ. ಅವರು ಹೂಂ ಅಂದರು, ಹಾಂ ಅಂದರು. ಆಮೇಲೆ ಒಂದು ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದಿಂದ ಇಳಿಸಿದ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದರೆ ಒಣಗಿದೆ ಅಂತ ಹೇಳುತ್ತಾರಲ್ಲ, ಥೇಟ್ ಹಾಗೇ. ಜೀವಮಾನವಿಡೀ ಮಾಡಿದ್ದು ಅದನ್ನೇ, ಕೈ ಬಿಡಬೇಕಲ್ಲ.

ಸದ್ದು ಬರಲಿಲ್ಲ. ಕೆಳಗಿಟ್ಟರು.

"ಏನೂ ಸದ್ದಿಲ್ವಲ್ಲ ಕಣಪ್ಪ. ಹಗುರ ಬೇರೆ. ಜೊಳ್ಳು."

ನನಗೆ ಮೈ ಉರಿಯಿತು. "ಇದು ಗಡಗಡ ಅಂದ ದಿನ ನಾನು ಅಂಗಡಿ ಮುಚ್ತೀನಿ ಸಾವ್ಕಾರ್ರೇ" ಅಂದೆ. ಮಾವನ ಗುಡಾಣವನ್ನೂ ಹಾಗೇ ಎತ್ತಿ ಅಲ್ಲಾಡಿಸಿ ನೋಡಿ ಅಂತಲೂ ಸೇರಿಸಿದೆ. ಅದನ್ನು ಅಲ್ಲಾಡಿಸಲು ಆಗುವುದಿಲ್ಲ, ಅದಕ್ಕೇ ಅದು ಒಳ್ಳೇದು ಅಂತ ಹೇಳಿ ಅವರು ಹೊರಟೇ ಹೋದರು. ಸಂಜೆಯೊಳಗೆ ಇಡೀ ಮಾರುಕಟ್ಟೆಯಲ್ಲಿ ಜೊಳ್ಳು ಒಲೆ ಅಂತ ಸುದ್ದಿ.

ಬಸ್ಸಿನಲ್ಲಿ ಬಂದ ಯಂತ್ರ

ಮಾಯಸಂದ್ರದ ತೋಟದವರೊಬ್ಬರು ತಂದು ತೋರಿಸು ಅಂತ ಹೇಳಿಕಳಿಸಿದರು. ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆ. ಕಂಡಕ್ಟರು ಲಗೇಜು ಅಂದ. ತೊಡೆ ಮೇಲಿರುವುದಕ್ಕೆಲ್ಲ ಲಗೇಜು ಹಾಕುವುದಾದರೆ ಪಕ್ಕದ ಅಮ್ಮನ ಕೂಸಿಗೂ ಹಾಕು ಅಂದೆ. ಆ ಅಮ್ಮ ನನ್ನ ಮೇಲೇ ಜಗಳಕ್ಕೆ ಬಿದ್ದಳು. ತುರುವೇಕೆರೆವರೆಗೂ ಬೈಸಿಕೊಂಡೆ.

ತೋಟದವರು ಹಟ್ಟಿ ಮುಂದೆ ಹತ್ತು ಜನರನ್ನು ಸೇರಿಸಿಕೊಂಡು ಕಾಯುತ್ತಿದ್ದರು. ನಾನು ಒಬ್ಬನೇ ನಡೆದು ಬಂದಿದ್ದು ಕಂಡು ಮುಖ ಸಣ್ಣ ಮಾಡಿಕೊಂಡರು. ಅವರ ಒಲೆಯ ಮೇಲೇ ಕೂರಿಸಿ ಹಚ್ಚಿ ತೋರಿಸಿದೆ, ಬಿಸಿಗಾಳಿ ಬಂತು, ಚೂರೂ ಹೊಗೆಯಿಲ್ಲ. ಎಲ್ಲ ಸರಿ, ಆದರೆ ಬೇಡ ಅಂದರು. ಯಾಕೆ ಅಂತ ಬಿಡದೆ ಕೇಳಿದೆ.

"ಯಂತ್ರ ಅಂದ್ಮೇಲೆ ಲಾರೀಲಿ ಬರ್ಬೇಕು ಕಣಪ್ಪ. ಐಸಾ ಅಂತ ಕೂಗಿ ಇಳಿಸ್ಬೇಕು. ಇದು ಬಂದಿದ್ದು ಪಕ್ಕದ ಮನೆಯೋರಿಗೇ ಗೊತ್ತಾಗ್ಲಿಲ್ಲ."

ವಾಪಸ್ ಬರುವಾಗಲೂ ಅದೇ ಕಂಡಕ್ಟರು. ಈ ಸಲ ಅವನು ಲಗೇಜು ಕೇಳಲಿಲ್ಲ, ಕೂಸು ಮಲಗಿತಾ ಅಂತ ಕೇಳಿದ.

ಮಾವನ ಉಪಕಾರ

ಮಾವನಿಗೆ ಪಾಪ ಅನ್ನಿಸಿರಬೇಕು. ಅಥವಾ ಮಗಳು ಮಾತು ಬಿಟ್ಟಿರಬೇಕು. ದಂಡಿನಶಿವರದಿಂದ ಒಬ್ಬರು ಬಂದು ಒಂದು ತುಂಡನ್ನು ಎತ್ತಲು ಹೋಗಿ, ಅಬ್ಬಾ, ಏನು ಗಟ್ಟಿ ಅಂದರು. ನನಗೇ ಆಶ್ಚರ್ಯ. ನಾನು ಎತ್ತಿದೆ, ಮೇಲೇಳಲಿಲ್ಲ. ತಿರುಗಿಸಿ ನೋಡಿದರೆ ತಳಕ್ಕೆ ಹಳೇ ರೈಲು ಕಂಬಿಯ ತುಂಡು ಬೆಸುಗೆ ಹಾಕಿದೆ.

ಮಾವ ಮೂಲೆಯಲ್ಲಿ ನಿಂತು ಸುಮ್ಮನಿರು ಅಂತ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾರೆ. ನಾನು ಸುಮ್ಮನಿರುವ ಆಸಾಮಿಯಾ? ಉಳಿ ಸುತ್ತಿಗೆ ತಂದು ಗಿರಾಕಿಯ ಎದುರಿಗೇ ಆ ಕಂಬಿ ಕಿತ್ತು ಬಿಸಾಕಿದೆ. ಇದೇ ಸರಿಯಾದ ತೂಕ, ಬೇಕಾದರೆ ತಗೊಳ್ಳಿ ಅಂದೆ. ಅವರು ತುಂಡೊಲೆಯನ್ನೂ ನೋಡಿದರು, ಬಿದ್ದಿದ್ದ ಕಂಬಿಯನ್ನೂ ನೋಡಿದರು.

ಕಂಬಿ ಮಾರುತ್ತೀರಾ ಅಂತ ಕೇಳಿದರು.

ಹೊತ್ತೊಯ್ದವರು

ದೀಪಾವಳಿ ಹತ್ತಿರ ಬಂತು. ಒಂದೂ ಹೋಗಿರಲಿಲ್ಲ. ಗ್ರಿಲ್ಲಿನ ಸರಳುಗಳು ಬಂದು ಬಿದ್ದಿದ್ದವು, ಅವನ್ನು ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಗೆ ಹೋದರೆ, ಮುಂದೆ ಜೋಡಿಸಿಟ್ಟಿದ್ದ ತುಂಡುಗಳಲ್ಲಿ ಒಂದು ಮಾಯ. ನಟ್ಟು ನೀಟಾಗಿ ಬಿಚ್ಚಿ ತೆಗೆದುಕೊಂಡು ಹೋಗಿದ್ದಾರೆ.

ನನಗೆ ಎಂಥಾ ಖುಷಿ ಅಂತೀರಿ. ಠಾಣೆಗೆ ಓಡಿದೆ. ದಫೇದಾರರು ಯಂತ್ರ ಅಂದಿದ್ದೇ ತಡ, ಕಳ್ಳರ ಗುಂಪು ಅಂತ ಬರೆಯತೊಡಗಿದರು. ನಾನು ಬಿಡಲಿಲ್ಲ. ಗುಂಪಲ್ಲ, ಒಬ್ಬನೇ ಅಂತ ಬರೆಯಿರಿ ಅಂದೆ. ಯಾರೂ ಹೇಳಿಕೊಡದೆ ಬಿಚ್ಚಿದ, ಒಬ್ಬನೇ ಹೊತ್ತುಕೊಂಡು ಹೋದ, ಅದನ್ನೂ ಬರೆಯಿರಿ. ಅವರು ಪೆನ್ನು ಕೆಳಗಿಟ್ಟು, ನೀನು ಬಂದಿದ್ದು ಕಳ್ಳನನ್ನ ಹಿಡಿಸೋಕಾ, ಹೊಗಳೋಕಾ ಅಂತ ಕೇಳಿದರು.

ಆ ವಾರ ಜಡಿಮಳೆ. ಮಾರುಕಟ್ಟೆಗೆ ಬಂದ ಕೊಬ್ಬರಿಯೆಲ್ಲ ಬೂಷ್ಟು, ಇಲ್ಲವೇ ಹೊಗೆ ವಾಸನೆ. ಸಾಹುಕಾರರದ್ದು ಮಾತ್ರ ಬೆಳ್ಳಗೆ, ಘಮಘಮ. ನನಗೆ ತಲೆಯಲ್ಲಿ ಏನೋ ಹೊಳೆಯಿತು. ನೆಟ್ಟಗೆ ಅವರ ಮನೆಗೆ ಹೋದೆ. ಸಾಹುಕಾರರು ಗೋದಾಮಿನ ಬಾಗಿಲಿಗೆ ಅಡ್ಡ ನಿಂತು ಮಳೆ ಬೆಳೆ ವಿಚಾರಿಸಿದರು. ಒಳಗಿಂದ ಅವರ ಹೆಂಡತಿಯ ದನಿ ಬಂತು.

"ಯಾರ್ರೀ ಅದು, ಒಲೆಯೋನಾ? ಇನ್ನೊಂದು ತುಂಡು ಯಾವಾಗ ಕೊಡ್ತಾನೆ ಕೇಳ್ರೀ."

ಆಯಮ್ಮ ಗಂಡ ಕೊಂಡು ತಂದಿದ್ದಾರೆ ಅಂತಲೇ ತಿಳಿದಿದ್ದರು. ಆಚೆ ಬಂದು ನನಗೆ ಎಲ್ಲ ಹೇಳಿದರು. ಮದುವೆಯಾದಾಗಿನಿಂದ ಒಂದು ಸೊಪ್ಪಿನ ಕಟ್ಟು ಹೊತ್ತು ತಂದವರಲ್ಲ, ಇದನ್ನು ತಾವೇ ಹೆಗಲ ಮೇಲೆ ಹೊತ್ತು ತಂದರಂತೆ. ಒಲೆ ಮೇಲೆ ಕೂರಿಸಿ ನಟ್ಟು ತಿರುಗಿಸಿದ್ದು ಆಯಮ್ಮನೇ. ಸಾಹುಕಾರರು ಅಟ್ಟ ನೋಡುತ್ತಾ ನಿಂತಿದ್ದರು.

"ಜೊಳ್ಳು ಅಂದ್ಬುಟ್ಟಿದ್ನಲ್ಲ. ಯಾವ ಮುಖ ಇಟ್ಕೊಂಡು ಕೇಳ್ಲಿ? ನೋಡಾನ ಅಂತ ತಂದೆ ಕಣಪ್ಪ."

ಠಾಣೆ ವಿಷಯ ನಾನು ನೋಡಿಕೊಳ್ಳುತ್ತೇನೆ ಅಂದೆ. ಆದರೆ ಸಂತೆಯ ದಿನ, ಹಗಲು ಹೊತ್ತಿನಲ್ಲಿ, ಮಾರುಕಟ್ಟೆಯ ನಡುವೆ, ಆಳಿಲ್ಲದೆ, ತಾವೇ ಹೊತ್ತು ತಂದು ನನ್ನ ಅಂಗಡಿ ಮುಂದೆ ಇಡಬೇಕು. ಅವರು ಗೊಣಗಿದರು. ನಾನು ಜಗ್ಗಲಿಲ್ಲ.

ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಮಸಿ ಹಿಡಿದ ತುಂಡೊಲೆ. ಕೊಬ್ಬರಿ ಹರಾಜೇ ನಿಂತಿತು. ಮಾವ ಓಡಿ ಹೋಗಿ, ಕೊಡಿ, ಭಾರ ಆಗಿರುತ್ತೆ ಅಂತ ಕೈ ಚಾಚಿದರು.

"ಬುಡ್ರೀ, ಇದ್ರಲ್ಲಿ ಏನ್ ಭಾರ ಅದೆ" ಅಂದರು ಸಾಹುಕಾರರು, ಎಲ್ಲರಿಗೂ ಕೇಳುವ ಹಾಗೆ.

ಮಾವ ಚಾಚಿದ ಕೈಯನ್ನು ಹಾಗೇ ತಲೆ ಕೆರೆದುಕೊಳ್ಳಲು ಬಳಸಿಕೊಂಡರು. ಸಾಹುಕಾರರು ಕೆಳಗಿಡುವ ಮುಂಚೆ, ಅಭ್ಯಾಸ ನೋಡಿ, ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಬಿಚ್ಚುವಾಗ ಅವರ ಹೆಂಡತಿ ಒಂದು ನಟ್ಟನ್ನು ಒಳಗೇ ಬೀಳಿಸಿಬಿಟ್ಟಿದ್ದರು. ಗಡಗಡ ಅಂತು.

ಸಾಹುಕಾರರ ಮುಖ ಅರಳಿತು.

"ಈಗ ಒಣಗ್ಯದೆ ನೋಡು. ಇಂಥವು ನಾಲ್ಕು ಕೊಡು."

ಗಡಗಡ ಅಂದ ದಿನ ಅಂಗಡಿ ಮುಚ್ಚುತ್ತೇನೆ ಅಂದಿದ್ದೆನಲ್ಲ, ಮಾವ ಅದನ್ನು ಆವತ್ತೇ ನೆನಪಿಸಿದರು. ನಾನು ಇನ್ನೂ ತೆರೆಯದ ಗ್ರಿಲ್ಲಿನ ಅಂಗಡಿ ಮುಚ್ಚಿದೆ.