ಮೇದಪ್ಪ ಮಾಸ್ಟ್ರು ಸಾರಿನಿಂದ ಉಪ್ಪು ತೆಗೆದದ್ದು

ಮೇದಪ್ಪ ಮಾಸ್ಟ್ರಿಗೆ ತುಳು ಬರುತ್ತಿರಲಿಲ್ಲ. ಹೆಣ್ಣು ನೋಡಲು ಹೋದ ದಿನವೇ ಇದನ್ನು ಒಪ್ಪಿಕೊಂಡಿದ್ದರೆ ಒಂದು ಊರ ಕೋಳಿಯ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಆ ದಿನ ಹುಡುಗಿಯ ಸೋದರಮಾವ ತೀರ್ಥರಾಮ ಮೀಸೆ ತಿರುವುತ್ತಾ, ತುಳು ಬಾರದವನಿಗೆ ನಮ್ಮ ಹುಡುಗಿ ಇಲ್ಲ ಎಂದುಬಿಟ್ಟಿದ್ದರು. ಹುಡುಗಿ ಪಂಕಜಾಕ್ಷಿ ನೋಡಲು ಬಹಳ ಚೆನ್ನಾಗಿದ್ದಳು. ಆಲೆಟ್ಟಿಯಲ್ಲಿ ಮನೆಯೊಳಗೆ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ ಆಡಿ ಬೆಳೆದ ಮೇದಪ್ಪ, ತುಳು ಧಾರಾಳ ಬರುತ್ತದೆ ಎಂದು ಒಂದು ಸುಳ್ಳು ಬಿಟ್ಟರು.

ಮದುವೆಯಾಗಿ, ಹೆಂಡತಿಯ ಹತ್ತಿರ ಕನ್ನಡದಲ್ಲೇ ನಿಭಾಯಿಸಿ ತಿಂಗಳಾಗುವಾಗ, ಎಪ್ಪತ್ತೆಂಟರ ಮೇ ರಜೆಯಲ್ಲಿ, ಸವಣೂರಿನ ಮಾವನ ಮನೆಗೆ ಹೊಸ ಅಳಿಯನ ಮೊದಲ ಸವಾರಿ. ಮಧ್ಯಾಹ್ನದ ಊಟಕ್ಕೆ ಅದೇ ತೀರ್ಥರಾಮ ಮಾವ ಬರುವವರು. ಪಂಕಜಾಕ್ಷಿ ತಲೆಗೆ ಮೀಯಲು ಹೋಗಿದ್ದಳು. ಅತ್ತೆ ಅಪ್ಪಿಯಮ್ಮ ಬಾವಿಕಟ್ಟೆಗೆ ಹೊರಟವರು ತುಳುವಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಅಳಿಯ ವಿನಯದಿಂದ ತಲೆಯಾಡಿಸಿದರು. (ಒಲೆಯ ಮೇಲಿನ ಕೋಳಿ ಸಾರನ್ನು ನೋಡಿಕೊಳ್ಳಿ ಎಂದು ಹೇಳಿದ್ದಂತೆ.)

ಸಾರು ಕೊತಕೊತ ಕುದಿಯತೊಡಗಿತು. ಇಳಿಸುವುದೋ ಬೇಡವೋ? ಮೇದಪ್ಪ ಕಿಟಕಿಯಲ್ಲಿ ಮುಖ ತೂರಿಸಿ, ಯಾವ ಭಾಷೆಗೂ ಸಲ್ಲುವಂತೆ "ಅತ್ತೆ, ಸಾರು?" ಎಂದರು.

"ಉಪ್ಪಡ್" ಎಂದರು ಅತ್ತೆ.

ಉಪ್ಪು ಎಂಬುದು ಸ್ಪಷ್ಟವಾಗಿ ಕೇಳಿಸಿತು. ಮೇದಪ್ಪ ಒಂದು ಮುಷ್ಟಿ ಹಾಕಿದರು. ಸಾಕೋ ಏನೋ ಎಂದು ಮತ್ತೆ "ಅತ್ತೆ?" ಎಂದರೆ, "ಉಪ್ಪಡ್, ಉಪ್ಪಡ್" ಎಂದು ಎರಡು ಸಲ ಬಂತು. ಎರಡು ಮುಷ್ಟಿ ಬಿತ್ತು. ಅತ್ತೆಯ ಮಾತು ಮೀರುವ ಅಳಿಯ ಅವರಲ್ಲ.

ಒಂದು ಹನಿ ರುಚಿ ನೋಡಿದಾಗ ನಾಲಿಗೆ ಸೆಟೆದುಕೊಂಡಿತು. ಮಾಸ್ಟ್ರು ಧೈರ್ಯಗೆಡಲಿಲ್ಲ. ಸುಳ್ಯದ ಹೈಸ್ಕೂಲಿನಲ್ಲಿ ಏಳು ವರ್ಷದಿಂದ 'ಮಿಶ್ರಣಗಳನ್ನು ಬೇರ್ಪಡಿಸುವುದು' ಎಂಬ ಪಾಠ ಹೇಳಿದ ಜೀವ. ಮೊದಲು ಹೆಗಲ ಮೇಲಿನ ಬೈರಾಸಿನಲ್ಲಿ ಸೋಸಿದರು. ಕೋಳಿ, ನೀರುಳ್ಳಿ ಎಲ್ಲ ಬಟ್ಟೆಯಲ್ಲಿ ನಿಂತವು, ಉಪ್ಪೊಂದು ನೀರಿನ ಜೊತೆ ಸಲೀಸಾಗಿ ಇಳಿದುಹೋಯಿತು. ಕರಗಿದ್ದು ಸೋಸಿದರೆ ಬಾರದು ಎಂದು ಹೇಳದ ಮಕ್ಕಳಿಗೆ ತಾನೇ ಬೆತ್ತದ ರುಚಿ ತೋರಿಸಿದ್ದು ಆಗ ನೆನಪಾಯಿತು. ಇನ್ನು ಉಳಿದದ್ದು ಬಟ್ಟಿ ಇಳಿಸುವುದು. ಸೋಸಿದ ಸಾರನ್ನು ಮತ್ತೆ ಒಲೆಗೇರಿಸಿ, ಬಟ್ಟಲನ್ನು ಓರೆಯಾಗಿ ಮುಚ್ಚಿ, ಅದರ ಮೇಲೆ ತಣ್ಣೀರು ಸುರಿಯುತ್ತಾ, ಅಂಚಿನಿಂದ ತೊಟ್ಟಿಕ್ಕುವ ಹಬೆಯ ನೀರನ್ನು ಲೋಟಕ್ಕೆ ಹಿಡಿಯುತ್ತಾ ಕುಕ್ಕರುಗಾಲಲ್ಲಿ ಕೂತರು.

ತಲೆಗೆ ಬಟ್ಟೆ ಸುತ್ತಿಕೊಂಡು ಬಂದ ಪಂಕಜಾಕ್ಷಿ ಬಾಗಿಲಲ್ಲೇ ನಿಂತಳು.

"ಇದೆಂತ ಮಾರಾಯ್ರೆ, ಅಪ್ಪನ ಮನೆಯಲ್ಲಿ ಕಳ್ಳಬಟ್ಟಿ ಇಳಿಸುದಾ?"

"ಸಾರಿನ ಉಪ್ಪು ತೆಗೀತಾ ಇದ್ದೇನೆ. ನಿನ್ನ ಅಮ್ಮನೇ ಹಾಕ್ಲಿಕ್ಕೆ ಹೇಳಿದ್ದು. ಉಪ್ಪಡ್ ಅಂತ, ಮೂರು ಸಲ."

"ಉಪ್ಪಡ್ ಅಂದ್ರೆ ಇರಲಿ ಅಂತ. ನಿಮಗೆ ತುಳು ಬರುದಿಲ್ವಾ?"

ಮೇದಪ್ಪ ಲೋಟ ನೋಡಿದರು. ಅವಳು ಸೆರಗು ಬಾಯಿಗೊತ್ತಿ ನಕ್ಕೂ ನಕ್ಕೂ ಸುಸ್ತಾದಳು. ದಮ್ಮಯ್ಯ, ತೀರ್ಥರಾಮ ಮಾವನಿಗೆ ಮಾತ್ರ ಹೇಳಬೇಡ ಎಂದು ಇವರು ಕೈ ಮುಗಿದರು. ಅವಳು ಕರಗಿದಳು. ಮಾವ ಎಂತ ಕೇಳಿದರೂ 'ಅಂದ್' ಎನ್ನಿ, ಹೌದು ಅಂತ ಅರ್ಥ ಎಂದು ಹೇಳಿಕೊಟ್ಟು, ಕೋಳಿಯ ತುಂಡುಗಳನ್ನು ಬಿಸಿನೀರಲ್ಲಿ ತೊಳೆದು, ಒಣಗೆ ಹುರಿದು ಸುಕ್ಕ ಮಾಡಿದಳು. ಪಾತ್ರೆಯ ತಳದಲ್ಲಿ ಕೆಂಪು ಉಪ್ಪು ಹೆಪ್ಪುಗಟ್ಟಿತ್ತು. ಲೋಟದಲ್ಲಿ ಕೋಳಿಯ ಆತ್ಮ ಮಾತ್ರ ಇತ್ತು.

ಊಟಕ್ಕೆ ಕೂತ ತೀರ್ಥರಾಮ ಮಾವ ಸುಕ್ಕವನ್ನು ಆಸೆಯಿಂದ ನೋಡಿ ನಿಟ್ಟುಸಿರು ಬಿಟ್ಟರು. ಪುತ್ತೂರಿನ ಡಾಕ್ಟರು ಅವರಿಗೆ ಉಪ್ಪು ನಿಲ್ಲಿಸಿ ಹದಿನೈದು ದಿನವಾಗಿತ್ತಂತೆ. ನಿಮಗೆಂದೇ ಇವರು ಉಪ್ಪಿಲ್ಲದೆ ಇಳಿಸಿದ್ದು ಎನ್ನುತ್ತಾ ಪಂಕಜಾಕ್ಷಿ ಆ ಲೋಟವನ್ನು ಮಾವನ ಮುಂದಿಟ್ಟಳು. ಮಾವ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕೋಳಿಯ ಪರಿಮಳ ಉಂಟು, ಬೆಳ್ಳುಳ್ಳಿ ಉಂಟು, ಉಪ್ಪು ಲವಲೇಶ ಇಲ್ಲ. ಲೋಟ ಖಾಲಿಯಾಗುವಾಗ ಕಣ್ಣಲ್ಲಿ ನೀರಿತ್ತು. ಅಳಿಯನ ಹೆಗಲ ಮೇಲೆ ಕೈಯಿಟ್ಟು ತುಳುವಿನಲ್ಲಿ ಬಹಳ ಹೊತ್ತು ಮಾತಾಡಿ, ಕೊನೆಗೆ ಏನೋ ಕೇಳಿದರು.

"ಅಂದ್" ಎಂದರು ಮೇದಪ್ಪ, ಗಟ್ಟಿಯಾಗಿ.

ಮಾವನ ಮುಖ ಅರಳಿತು. ಅತ್ತೆ ಮಾತ್ರ ಯಾಕೋ ಅಳಿಯನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಅನ್ನ ಬಡಿಸಲು ಬಗ್ಗಿದ ಹೆಂಡತಿಯ ಹತ್ತಿರ, ಮಾವ ಎಂತ ಕೇಳಿದ್ದು ಎಂದು ಮೇದಪ್ಪ ಪಿಸುಗುಟ್ಟಿದರು.

"ರಜೆ ಮುಗಿಯುವವರೆಗೆ ಅವರ ಮನೆಯಲ್ಲಿ ನಿಂತು ದಿನಾ ಎರಡು ಲೋಟ ಇಳಿಸಿ ಕೊಡ್ತೀರಾ ಅಂತ. ಕೋಳಿ ಹಿಡಿಯುದೂ ನೀವೇ ಅಂತೆ."

ಮರುದಿನ ಬೆಳಿಗ್ಗೆ ವಿಜ್ಞಾನದ ಮಾಸ್ಟ್ರು ಪಂಚೆ ಎತ್ತಿ ಕಟ್ಟಿ, ತೀರ್ಥರಾಮ ಮಾವನ ದನದ ಹಟ್ಟಿಯ ಹಿಂದೆ ಒಂದು ಹುಂಜದ ಬೆನ್ನು ಹತ್ತಿದ್ದರು.